‘ಏನ ಬೇಕ್ರಿ?’ ‘ಯಾವ್ದ ಬೇಕ್ರಿ?’

ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಅದನ್ನು ನೇಯುತ್ತ ಬಂದವರು ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳು. ಪಗಡೆಯ ಹಾಸು, ನವಿಲು, ಗಾಢ ಬಣ್ಣದ ಪಟ್ಟಿಗಳು ಈ ಜಮಖಾನದ ಗುರುತು. ಕೊಳ್ಳಲು ಬಂದವರು ಹೊಸಿಲ ಬಳಿ ನಿಂತಾಗ ಕೇಳಬೇಕಾದ ಮಾತು ‘ಏನ ಬೇಕ್ರಿ?’ ಬಂದವರಿಗೆ ದೊಡ್ಡ ಜಮಖಾನವೇ ಬೇಕೋ, ನಮಾಜಿಗೆ ಹಾಸುವ ಸಣ್ಣದು ಬೇಕೋ, ಬರೀ ನೋಡಿಕೊಂಡು ಹೋಗಬೇಕೋ ಇನ್ನೂ ತಿಳಿದಿಲ್ಲ. ನಾಲ್ಕು ಜಮಖಾನ ಬಿಚ್ಚಿ ನೆಲಕ್ಕೆ ಹಾಸಿದ ಮೇಲೆ ಕೇಳುವ ಮಾತೇ ಬೇರೆ: ‘ಯಾವ್ದ ಬೇಕ್ರಿ?’ ಈ ಎರಡು ಮಾತು ಅದಲುಬದಲಾದರೆ ಕೇಳಿದವರಿಗೆ ತಕ್ಷಣ ಇರುಸುಮುರುಸಾಗುತ್ತದೆ. ಹಾಸಿದ ನಾಲ್ಕರ ಮುಂದೆ ನಿಂತು ‘ಏನ ಬೇಕ್ರಿ?’ ಎಂದರೆ ಇವು ಯಾವುವೂ ನಿಮಗೆ ಒಪ್ಪಿಗೆಯಾದಂತಿಲ್ಲ, ಬೇರೇನಾದರೂ ಹೇಳಿ ಎಂದಂತಾಯಿತು. ಹೊಸಿಲಲ್ಲೇ ‘ಯಾವ್ದ ಬೇಕ್ರಿ?’ ಎಂದರೆ ಬಂದವರು ಸುತ್ತ ನೋಡಿ, ಯಾವುದರಲ್ಲಿ ಯಾವುದು ಎಂದು ಯೋಚಿಸಬೇಕಾಗುತ್ತದೆ. ಎರಡೂ ಮಾತಿನ ನಡುವೆ ಬದಲಾದದ್ದು ಒಂದೇ ಒಂದು ಸಂಗತಿ. ಮೊದಲು ಉತ್ತರಕ್ಕೆ ಮೇರೆ ಇರಲಿಲ್ಲ, ಆಮೇಲೆ ಉತ್ತರಗಳೆಲ್ಲ ಕಣ್ಣೆದುರಿಗೆ ಬಂದವು. ಇಂಗ್ಲಿಷಿನ ‘ವಾಟ್’ ಮತ್ತು ‘ವಿಚ್’ ನಡುವೆ ಇರುವ ಅಂತರವೂ ಇಷ್ಟೇ. ನವಲಗುಂದದ ನಾಲ್ಕು ವರ್ಷದ ಮಗುವಿಗೂ ಇದು ಬಾಯಿಗೆ ಬಂದಿರುತ್ತದೆ. ಹಾಗಿದ್ದೂ ಅದೇ ಮಗು ಹತ್ತು ವರ್ಷ ಇಂಗ್ಲಿಷ್ ಓದಿದ ಮೇಲೆ ಪರೀಕ್ಷೆಯ ಹಾಳೆಯ ಮುಂದೆ ಇವೆರಡರಲ್ಲಿ ಯಾವುದು ಬರೆಯಲಿ ಎಂದು ತಡವರಿಸುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಕನ್ನಡ ಮಾಧ್ಯಮದ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಅದನ್ನು ಎರಡನೆಯ ಭಾಷೆಯಾಗಿ ಬರೆಯುತ್ತಾರೆ. ಆ ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳಿಗೆ ಚಿರಪರಿಚಿತವಾದ ಒಂದು ಪ್ರಶ್ನೆ ಇರುತ್ತದೆ: ಒಂದು ವಾಕ್ಯ ಕೊಟ್ಟು, ಅದರಲ್ಲಿ ಅಡಿಗೆರೆ ಎಳೆದ ಮಾತೇ ಉತ್ತರವಾಗುವಂತೆ ಪ್ರಶ್ನೆ ರಚಿಸಿ ಎನ್ನುತ್ತಾರೆ. ಸಿಗುವ ಅಂಕ ಸಣ್ಣದು, ಆದರೆ ಅದು ಅಳೆಯುವ ಸಾಮರ್ಥ್ಯ ದೊಡ್ಡದು. ಆಸ್ಪತ್ರೆ, ಬ್ಯಾಂಕು, ಬೇರೆ ರಾಜ್ಯದ ಕೆಲಸದ ಜಾಗ, ಎಲ್ಲೇ ಹೋದರೂ ಪರಭಾಷೆಯಲ್ಲಿ ಮೊದಲು ಬೇಕಾಗುವುದು ಕೇಳುವ ಶಕ್ತಿ. ಉತ್ತರವನ್ನು ಕೈಸನ್ನೆಯಲ್ಲಾದರೂ ಕೊಡಬಹುದು, ಪ್ರಶ್ನೆಗೆ ಮಾತೇ ಬೇಕು. ಈ ಪ್ರಶ್ನಾಪದಗಳನ್ನು ನಮ್ಮ ಮಕ್ಕಳಿಗೆ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಾಗುತ್ತದೆ: ವಾಟ್ ಎಂದರೆ ಏನು, ವಿಚ್ ಎಂದರೆ ಯಾವುದು, ಹೂ ಎಂದರೆ ಯಾರು, ಹೌ ಎಂದರೆ ಹೇಗೆ. ಪಟ್ಟಿ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಅದು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಕನ್ನಡದ ಪ್ರಶ್ನಾಪದಗಳೂ ಇಂಗ್ಲಿಷಿನವೂ ಒಂದೇ ಊರಿನ ಎರಡು ಹೊಲಗಳಂತೆ. ಬಹಳ ದೂರ ಬದು ಒಂದೇ ಸಾಲಿನಲ್ಲಿ ಹೋಗುತ್ತದೆ, ಕೆಲವು ಕಡೆ ಮಾತ್ರ ಅತ್ತಿತ್ತ ಸರಿಯುತ್ತದೆ. ಬದು ಎಲ್ಲಿ ಕೂಡುತ್ತದೆ, ಎಲ್ಲಿ ಸರಿಯುತ್ತದೆ ಎಂದು ತೋರಿಸಿಕೊಟ್ಟರೆ ಕೆಲಸ ಮುಗಿಯಿತು. ಅದನ್ನು ತೋರಿಸಲು ಅತ್ಯುತ್ತಮ ಸಾಧನ ಮಗುವಿನ ಸ್ವಂತ ಮಾತು, ಅಂದರೆ ನವಲಗುಂದದ ಮನೆಮಾತು. ಈ ಲೇಖನದ ವಾದ ಇದೇ.

ಮೊದಲು ಕೂಡುವ ಜಾಗ ನೋಡೋಣ. ಮುಂಗಾರಿಗೆ ಮುಂಚೆ ಎರಿಹೊಲದ ರೈತರು ಒಬ್ಬರನ್ನೊಬ್ಬರು ‘ಈ ಸಲ ಏನ ಬಿತ್ತೀರಿ?’ ಎಂದು ಕೇಳುತ್ತಾರೆ. ಹೆಸರು ಇರಬಹುದು, ಗೋವಿನಜೋಳ ಇರಬಹುದು, ಹತ್ತಿ ಇರಬಹುದು, ಏನೂ ಬಿತ್ತದೆ ಬೀಳು ಬಿಡುವುದೂ ಇರಬಹುದು. ಇಂಗ್ಲಿಷಿನಲ್ಲಿ ಇದು ‘ವಾಟ್’. ಮಾತು ಮುಂದುವರಿದು ಹೆಸರು, ಹತ್ತಿ ಎರಡಕ್ಕೆ ಬಂದು ನಿಂತಾಗ ‘ಎರಡರಾಗ ಯಾವ್ದ ಬಿತ್ತೀರಿ?’ ಎಂದಾಗುತ್ತದೆ. ಇದು ‘ವಿಚ್’. ಇಲ್ಲಿಯವರೆಗೆ ಮಗು ತನ್ನ ಮಾತನ್ನು ನಂಬಿ ನಡೆದರೆ ಎಡವುವುದಿಲ್ಲ. ಬದು ಸರಿಯುವುದು ಪ್ರಶ್ನಾಪದ ನಾಮಪದದ ಮುಂದೆ ಬಂದಾಗ. ಕನ್ನಡದಲ್ಲಿ ‘ಏನು’ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವ ಪದ. ‘ಏನು ಕೆಲಸ’, ‘ಏನು ಸುದ್ದಿ’ ಎಂಬಂಥ ಕೆಲವು ಬಳಕೆ ಬಿಟ್ಟರೆ ನಾಮಪದದ ಮುಂದೆ ನಿಲ್ಲುವ ಕೆಲಸವನ್ನು ‘ಯಾವ’ ಎಂಬುದೇ ವಹಿಸಿಕೊಳ್ಳುತ್ತದೆ: ಯಾವ ಬಣ್ಣ, ಯಾವ ಊರು, ಯಾವ ವಾರ, ಯಾವ ಬಸ್ಸು. ಆಯ್ಕೆ ಕಣ್ಣ ಮುಂದಿರಲಿ ಇಲ್ಲದಿರಲಿ, ಕನ್ನಡಕ್ಕೆ ಇಲ್ಲಿ ‘ಯಾವ’ ಒಂದೇ ಸಾಕು. ಇಂಗ್ಲಿಷು ಇಲ್ಲಿಯೂ ಎರಡನ್ನು ಬೇರೆ ಇಡುತ್ತದೆ. ನಿನ್ನ ಮನೆಯ ಬಾಗಿಲಿಗೆ ಯಾವ ಬಣ್ಣ ಎಂದು ದೂರದಲ್ಲಿ ಕೂತು ಕೇಳಿದರೆ ‘ವಾಟ್ ಕಲರ್’. ಅಂಗಡಿಯವನು ಕೆಂಪು, ಹಸಿರು, ನೀಲಿ ಡಬ್ಬಿ ಮುಂದಿಟ್ಟು ಕೇಳಿದರೆ ‘ವಿಚ್ ಕಲರ್’. ‘ಯಾವ’ ಎಂದ ಕೂಡಲೇ ‘ವಿಚ್’ ಎಂದು ಬರೆಯುವುದನ್ನು ಪಟ್ಟಿ ಕಲಿಸಿಕೊಟ್ಟಿರುತ್ತದೆ, ತೊಡಕು ಶುರುವಾಗುವುದು ಅಲ್ಲಿಂದ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಪ್ರಶ್ನೆಗೆ ‘ಇವುಗಳಲ್ಲಿ’ ಎಂಬ ಮಾತನ್ನು ಸೇರಿಸಿ ನೋಡಬೇಕು. ನಿಲ್ದಾಣದಲ್ಲಿ ನಿಂತ ಬಸ್ಸುಗಳನ್ನು ನೋಡುತ್ತ ‘ಇವುಗಳಲ್ಲಿ ಅಣ್ಣಿಗೇರಿಗೆ ಹೋಗುವ ಬಸ್ಸು ಯಾವುದು?’ ಎಂದರೆ ಮಾತು ಕೂಡುತ್ತದೆ, ಆದ್ದರಿಂದ ‘ವಿಚ್’. ‘ಇವುಗಳಲ್ಲಿ ಇವತ್ತು ಯಾವ ವಾರ?’ ಎಂದರೆ ಕೂಡುವುದಿಲ್ಲ, ಆದ್ದರಿಂದ ‘ವಾಟ್ ಡೇ’.

ವಾರಗಳು ಏಳೇ ಅಲ್ಲವೇ, ಅದಕ್ಕಿಂತ ಮೇರೆಯುಳ್ಳ ಪಟ್ಟಿ ಬೇರೊಂದಿದೆಯೇ, ಹಾಗಿದ್ದರೆ ಅಲ್ಲಿ ‘ವಿಚ್’ ಬರಬೇಕಲ್ಲವೇ ಎಂದು ಜಾಣ ಮಗು ಕೇಳಿಯೇ ಕೇಳುತ್ತದೆ. ಕೇಳುವುದು ನ್ಯಾಯವೂ ಹೌದು. ಉತ್ತರ ಇಷ್ಟು: ಲೋಕದಲ್ಲಿ ಎಷ್ಟಿವೆ ಎಂಬ ಲೆಕ್ಕದ ಮೇಲೆ ಈ ಆಯ್ಕೆ ನಿಂತಿಲ್ಲ. ಕೇಳುವವರು ಆ ಪಟ್ಟಿಯನ್ನು ಮಾತಿನಲ್ಲಿ ಮುಂದೆ ಹಾಸಿದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಇವತ್ತು ಯಾವ ವಾರ ಎಂದು ಕೇಳುವವರು ಏಳನ್ನೂ ಮುಂದಿಟ್ಟು ಒಂದನ್ನು ಆರಿಸು ಎನ್ನುತ್ತಿಲ್ಲ, ತಮಗೆ ಗೊತ್ತಿಲ್ಲದ್ದನ್ನು ತಿಳಿಯಲು ಕೇಳುತ್ತಿದ್ದಾರೆ. ಅದೇ ‘ಮದುವಿಗೆ ರವಿವಾರ, ಸೋಮವಾರ ಎರಡೂ ಛಲೋ ಅದಾವ, ಯಾವ ವಾರ ಇಡೋಣ?’ ಎಂದಾಗ ಎರಡು ಜಮಖಾನ ಹಾಸಿದಂತಾಯಿತು, ಆಗ ‘ವಿಚ್ ಡೇ’. ನಡುವೆ ಒಂದು ಅಗಲವಾದ ಜಾಗವೂ ಇದೆ, ಅಲ್ಲಿ ಎರಡೂ ಸರಿ. ನೀವು ಯಾವ ಬ್ಯಾಂಕಿನಲ್ಲಿ ಖಾತೆ ಇಟ್ಟಿದ್ದೀರಿ, ಯಾವ ಪತ್ರಿಕೆ ಓದುತ್ತೀರಿ ಎಂಬಂಥ ಕಡೆ ಇಂಗ್ಲಿಷು ಮನೆಮಾತಾದವರೇ ಎರಡನ್ನೂ ಬಳಸುತ್ತಾರೆ. ಊರಲ್ಲಿರುವ ನಾಲ್ಕು ಬ್ಯಾಂಕು ಮನಸ್ಸಿನಲ್ಲಿದ್ದರೆ ‘ವಿಚ್’, ಇಲ್ಲದಿದ್ದರೆ ‘ವಾಟ್’. ಕೇಳುವವರ ಮನಸ್ಸಿನಲ್ಲಿರುವುದು ಹೊರಗಿನವರಿಗೆ ಕಾಣದು. ಇಂಥಲ್ಲಿ ಮಗು ಯಾವುದನ್ನು ಬರೆದರೂ ತಪ್ಪು ಹಾಕಬಾರದು. ಭಾಷೆಯೇ ಸಡಿಲ ಬಿಟ್ಟ ಜಾಗದಲ್ಲಿ ಕೆಂಪು ಮಸಿ ಬಿದ್ದರೆ ಮಗುವಿಗೆ ಉಳಿದ ಕಡೆಯ ನಿಯಮದ ಮೇಲೂ ನಂಬಿಕೆ ಹೋಗುತ್ತದೆ.

‘ವಿಚ್’ ಎಂಬ ಪದದ ಪೂರ್ವಕಥೆ ಈ ಮಾತಿಗೆ ಇನ್ನೊಂದು ಬೆಳಕು ಕೊಡುತ್ತದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದು ‘ಹ್ವಿಲ್ಚ್’ ಎಂದಿತ್ತು. ಅದರ ಮೊದಲ ಭಾಗ ‘ಯಾರು, ಏನು’ ಎಂಬುದಕ್ಕೆ ಸೇರಿದ್ದು, ಎರಡನೆಯ ಭಾಗದ ಅರ್ಥ ದೇಹ ಅಥವಾ ರೂಪ. ಅಂದರೆ ಅದು ‘ಯಾವ ರೂಪದ್ದು’, ನಮ್ಮ ಮಾತಿನಲ್ಲಿ ‘ಎಂಥಾದ್ದು’. ಕಾಲ ಕಳೆದಂತೆ ಇಂಗ್ಲಿಷು ಆ ಪದವನ್ನು ಆರಿಸುವ ಕೆಲಸಕ್ಕೆ ಹಚ್ಚಿತು. ‘ಎಂಥಾದ್ದು’ ಎನ್ನಲು ಒಂದು ಸ್ವತಂತ್ರ ಪದವಿಲ್ಲದಂತಾಗಿ, ‘ವಾಟ್’ ಮತ್ತು ‘ಲೈಕ್’ ಎರಡನ್ನು ವಾಕ್ಯದ ಎರಡು ತುದಿಗೆ ಕಟ್ಟಿ ಆ ಅರ್ಥ ತರಬೇಕಾಯಿತು. ಕನ್ನಡ ಅ, ಇ, ಎ ಎಂಬ ಮೂರು ಸ್ವರಗಳ ಮೇಲೆ ಇಡೀ ಕುಟುಂಬವನ್ನೇ ಕಟ್ಟಿಕೊಂಡು ಇವತ್ತಿಗೂ ಹಾಗೇ ಉಳಿಸಿಕೊಂಡಿದೆ: ಅಂಥ, ಇಂಥ, ಎಂಥ, ಅಲ್ಲಿ, ಇಲ್ಲಿ, ಎಲ್ಲಿ, ಅಷ್ಟು, ಇಷ್ಟು, ಎಷ್ಟು. ಇಂಗ್ಲಿಷಿನಲ್ಲಿಯೂ ‘ದೇರ್, ಹಿಯರ್, ವೇರ್’ ಎಂಬ ಮೂವರು ಅಕ್ಕತಂಗಿಯರು ಅದೇ ಬಗೆಯವರು, ಆದರೆ ಕುಟುಂಬ ಕನ್ನಡದಷ್ಟು ತುಂಬಿಲ್ಲ. ಹೀಗಾಗಿ ನಮ್ಮ ಮಕ್ಕಳು ‘ಹೌ’ ಮತ್ತು ‘ವಾಟ್–ಲೈಕ್’ ನಡುವಿನ ಗೊಂದಲವನ್ನು ತಮ್ಮ ಮಾತಿನಿಂದಲೇ ಬಿಡಿಸಿಕೊಳ್ಳಬಹುದು. ‘ನಿಮ್ಮಣ್ಣ ಹ್ಯಾಂಗದಾನ?’ ಎಂದರೆ ಆರೋಗ್ಯ, ಕ್ಷೇಮ, ಅದು ‘ಹೌ’. ‘ನಿಮ್ಮಣ್ಣ ಎಂಥಾಂವ?’ ಎಂದರೆ ಗುಣ, ನಡತೆ, ಅದು ‘ವಾಟ್–ಲೈಕ್’. ಹೆಣ್ಣು ಕೊಡುವವರು ಹುಡುಗನ ಊರಿಗೆ ಹೋಗಿ ವಿಚಾರಿಸುವುದು ಎರಡನೆಯದನ್ನು. ಅದರ ಬದಲು ಮೊದಲನೆಯದನ್ನು ಕೇಳಿ ಬಂದರೆ ಸಿಗುವ ಉತ್ತರ ಹುಡುಗನಿಗೆ ನೆಗಡಿ ವಾಸಿಯಾಯಿತು ಎಂಬುದಷ್ಟೇ.

ಜನರ ಬಗ್ಗೆ ಕೇಳುವಾಗ ಎರಡು ಭಾಷೆಗಳ ನಡುವೆ ಬದು ಇನ್ನಷ್ಟು ಸೂಕ್ಷ್ಮವಾಗಿ ಸರಿಯುತ್ತದೆ, ಕಾರಣ ಅಲ್ಲಿ ವ್ಯಾಕರಣದ ಜೊತೆಗೆ ಮರ್ಯಾದೆಯೂ ಬಂದು ಸೇರುತ್ತದೆ. ಕನ್ನಡದಲ್ಲಿ ಆರಿಸುವ ಪದವನ್ನು ಮನುಷ್ಯರಿಗೆ ಹಚ್ಚಿದರೆ ‘ಯಾವನು, ಯಾವಳು’ ಎಂದಾಗುತ್ತದೆ, ನವಲಗುಂದದ ಬಾಯಲ್ಲಿ ‘ಯಾಂವ, ಯಾವಾಕಿ’. ಹಿರಿಯರನ್ನು, ಹೊರಗಿನವರನ್ನು ಹಾಗೆ ಕೇಳಿದರೆ ಅದು ಅಗೌರವ. ಮರ್ಯಾದೆಗೆ ಉಳಿಯುವ ಪದ ‘ಯಾರು’ ಒಂದೇ: ‘ಯಾರ್ರೀ ಬಂದಾರ?’ ಇಂಗ್ಲಿಷಿನ ‘ವಿಚ್’ ಎಂಬುದಕ್ಕೆ ಈ ಅಂಜಿಕೆ ಇಲ್ಲ. ಇಬ್ಬರು ವೈದ್ಯರಲ್ಲಿ ಯಾರನ್ನು ಕಾಣಬೇಕು ಎನ್ನಲು ‘ವಿಚ್ ಡಾಕ್ಟರ್’ ಎನ್ನುವುದು ಪೂರ್ತಿ ಗೌರವದ ಮಾತು. ನಿಮ್ಮಲ್ಲಿ ಯಾರು ಎನ್ನಲು ‘ವಿಚ್ ಆಫ್ ಯು’ ಎನ್ನುವುದೇ ಶಿಷ್ಟ ರೂಢಿ. ‘ವಿಚ್’ ವಸ್ತುಗಳಿಗೆ, ‘ಹೂ’ ಮನುಷ್ಯರಿಗೆ ಎಂದು ಕಲಿತ ಮಗು ಇಲ್ಲಿ ಹಿಂಜರಿಯುತ್ತದೆ. ಆ ಹಿಂಜರಿಕೆ ಅದರ ಮನೆಯ ಸಂಸ್ಕಾರದಿಂದ ಬಂದದ್ದು ಎಂದು ಶಿಕ್ಷಕರು ಗುರುತಿಸಿ, ಇಂಗ್ಲಿಷಿನಲ್ಲಿ ಆ ದೋಷವಿಲ್ಲ ಎಂದು ಹೇಳಿಕೊಟ್ಟರೆ ಹಿಂಜರಿಕೆ ಕರಗುತ್ತದೆ. ಪಟ್ಟಿ ಪೂರ್ತಿ ಕೈಕೊಡುವ ಜಾಗವೂ ಸಂಬಂಧಗಳದ್ದೇ. ‘ಅವರು ನಿಮಗ ಏನಾಗಬೇಕ್ರಿ?’ ಎಂದು ನಮ್ಮ ಕಡೆ ಕೇಳುತ್ತೇವೆ. ಸೋದರಮಾವನೋ ಅಳಿಯನೋ ಬೀಗರೋ ಎಂದು ತಿಳಿಯುವ ಅತ್ಯಂತ ಸಹಜವಾದ ಪ್ರಶ್ನೆ ಅದು. ಇಲ್ಲಿಯ ‘ಏನು’ ಎಂಬುದನ್ನು ‘ವಾಟ್’ ಮಾಡಿದರೆ ಇಂಗ್ಲಿಷಿನವರಿಗೆ ಅದು ಸಹಜವೆನಿಸದು. ಅವರು ಕೇಳುವುದು ‘ಹೌ’ ಸಂಬಂಧ ಎಂದು. ನಮ್ಮ ‘ಎಷ್ಟನೇ’ ಎಂಬ ಪದವಂತೂ ಅವರಲ್ಲಿ ಇಲ್ಲವೇ ಇಲ್ಲ. ‘ನೀ ನಿಮ್ಮಪ್ಪಗ ಎಷ್ಟನೇ ಮಗ?’ ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಒಂದೇ ಪದದಿಂದ ಕೇಳಲಾಗದು, ನೀನು ಮೊದಲನೆಯವನೋ ಎರಡನೆಯವನೋ ಎಂದು ಬಳಸಿ ಕೇಳಬೇಕು. ಕನ್ನಡ ಬಡ ಭಾಷೆ, ಅದರಲ್ಲಿ ಎಲ್ಲ ಹೇಳಲಾಗದು ಎಂಬ ಕೀಳರಿಮೆ ಇರುವ ಮಗುವಿಗೆ ಈ ಒಂದು ಉದಾಹರಣೆ ದೊಡ್ಡ ಧೈರ್ಯ.

‘ಹೂ’ ಮತ್ತು ‘ಹೂಮ್’ ವಿಷಯದಲ್ಲಿ ಕನ್ನಡದ ಮಗು ಇಂಗ್ಲಿಷರ ಮಗುವಿಗಿಂತ ಒಂದು ಹೆಜ್ಜೆ ಮುಂದೆ ಇದೆ. ಇಂಗ್ಲಿಷಿನಲ್ಲಿ ವಿಭಕ್ತಿಗಳು ಬಹುಪಾಲು ಉದುರಿಹೋಗಿವೆ. ಹಳೆಯ ಇಂಗ್ಲಿಷಿನಲ್ಲಿ ‘ಹೂಮ್’ ಎಂಬುದರ ಮೂಲರೂಪ ಚತುರ್ಥಿಯದು, ನಮ್ಮ ‘ಯಾರಿಗೆ’ ಇದ್ದಂತೆ. ದ್ವಿತೀಯೆಯ ಕೆಲಸವನ್ನೂ ಆಮೇಲೆ ಅದೇ ಹೊತ್ತುಕೊಂಡಿತು. ಇವತ್ತಿನ ಆಡುಮಾತಿನಲ್ಲಿ ಇಂಗ್ಲಿಷರೇ ಅದನ್ನು ಬಿಟ್ಟು ಎಲ್ಲ ಕಡೆ ‘ಹೂ’ ಎನ್ನುವುದು ಹೆಚ್ಚು. ಕನ್ನಡದಲ್ಲಿ ಯಾರು, ಯಾರನ್ನು, ಯಾರಿಗೆ, ಯಾರಿಂದ, ಯಾರ ಎಂಬ ಭೇದ ಮಾತು ಕಲಿತ ದಿನದಿಂದ ಅಚ್ಚುಕಟ್ಟಾಗಿ ಇದೆ. ಆದ್ದರಿಂದ ನಿಯಮ ಸುಲಭ: ಕನ್ನಡದಲ್ಲಿ ‘ಯಾರು’ ಬಂದರೆ ‘ಹೂ’, ಒಡೆತನ ಹೇಳುವ ‘ಯಾರ’ ಬಂದರೆ ‘ಹೂಸ್’, ‘ಯಾರನ್ನು’ ಅಥವಾ ‘ಯಾರಿಗೆ’ ಬಂದರೆ ‘ಹೂಮ್’. ಒಂದು ಕಡೆ ಮಾತ್ರ ಎಚ್ಚರ ಬೇಕು. ಕನ್ನಡದಲ್ಲಿ ಹಸಿವು, ಜ್ವರ, ಸಿಟ್ಟು, ತಿಳಿವಳಿಕೆ, ಬೇಕು–ಬೇಡ ಇವೆಲ್ಲ ಮನುಷ್ಯನ ‘ಬಳಿಗೆ’ ಬರುವ ಸಂಗತಿಗಳು. ‘ಯಾರಿಗೆ ಜ್ವರ ಬಂದದ?’, ‘ಯಾರಿಗೆ ಗೊತ್ತೈತಿ?’, ‘ಯಾರಿಗೆ ಬೇಕು?’ ಎಂದೇ ನಾವು ಕೇಳುತ್ತೇವೆ. ಇಂಗ್ಲಿಷಿನಲ್ಲಿ ಇವೆಲ್ಲ ಮನುಷ್ಯನೇ ಮಾಡುವ ಅಥವಾ ಹೊಂದಿರುವ ಸಂಗತಿಗಳು, ಹೀಗಾಗಿ ಮೂರೂ ಕಡೆ ‘ಹೂ’. ಜ್ವರ ಬಂದವರು ಯಾರು, ಬಲ್ಲವರು ಯಾರು, ಬಯಸುವವರು ಯಾರು ಎಂದು ಕನ್ನಡದಲ್ಲೇ ವಾಕ್ಯವನ್ನು ಒಮ್ಮೆ ತಿರುಗಿಸಿ ನೋಡಿದರೆ ‘ಯಾರು’ ತಾನಾಗಿ ಹೊರಬರುತ್ತದೆ. ‘ಯಾಕೆ’ ಕೂಡ ಇಂಥದೇ ನಂಟಿನ ಪದ. ಇಂಗ್ಲಿಷಿನ ‘ವೈ’ ಹುಟ್ಟಿದ್ದು ‘ವಾಟ್’ ಎಂಬುದರ ಹಳೆಯ ವಿಭಕ್ತಿರೂಪದಿಂದ, ಅದರ ಅರ್ಥ ‘ಯಾತರಿಂದ’. ನಮ್ಮ ‘ಏಕೆ, ಯಾತಕ್ಕೆ’ ಎಂಬವುಗಳ ಕೊನೆಯಲ್ಲಿಯೂ ಚತುರ್ಥಿಯ ಪ್ರತ್ಯಯ ಕಾಣುತ್ತದೆ. ‘ಯಾಕ ಅಳತಿ?’ ಎಂದರೆ ಕಾರಣ, ಅದು ‘ವೈ’. ‘ಈ ಹಗ್ಗ ಯಾತಕ್ಕ ಬೇಕು?’ ಎಂದರೆ ಉಪಯೋಗ, ಅದು ‘ವಾಟ್ ಫಾರ್’.

‘ಎಷ್ಟು’ ಎಂಬ ಒಂದೇ ಪದವನ್ನು ಇಂಗ್ಲಿಷು ಎರಡಾಗಿ ಸೀಳುತ್ತದೆ: ಎಣಿಸುವುದಕ್ಕೆ ‘ಹೌ ಮೆನಿ’, ಅಳೆಯುವುದಕ್ಕೆ ‘ಹೌ ಮಚ್’. ರೊಕ್ಕ ಎಣಿಸುತ್ತೇವಲ್ಲ, ಅದಕ್ಕೆ ಯಾಕೆ ‘ಹೌ ಮಚ್’ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಸಹಜ. ಉತ್ತರ ಮತ್ತೆ ಮನೆಮಾತಿನಲ್ಲೇ ಇದೆ. ಹಿಂದೆ ಒಂದು, ಎರಡು ಎಂದು ಹಚ್ಚಿ ನೋಡಬೇಕು. ಒಂದು ರೂಪಾಯಿ, ಎರಡು ರೂಪಾಯಿ ಎನ್ನುತ್ತೇವೆ. ಒಂದು ರೊಕ್ಕ, ಎರಡು ರೊಕ್ಕ ಎನ್ನುವುದಿಲ್ಲ. ಹಾಗಾಗಿ ರೂಪಾಯಿಗೆ ‘ಮೆನಿ’, ರೊಕ್ಕಕ್ಕೆ ‘ಮಚ್’. ಹತ್ತಿಗೆ ‘ಮಚ್’, ಹತ್ತಿಯ ಕ್ವಿಂಟಲಿಗೆ ‘ಮೆನಿ’. ಮಲಪ್ರಭೆಯ ಕಾಲುವೆ ಬಯಲಿನ ರೈತರು ‘ಗೋದಿಗೆ ಎರಡು ನೀರು ಕೊಟ್ಟೇವಿ’ ಎನ್ನುತ್ತಾರಲ್ಲ, ನೀರನ್ನೇ ಎಣಿಸಿದರಲ್ಲ ಎಂದು ಮಗು ಕೇಳಿದರೆ ಬೆನ್ನು ತಟ್ಟಬೇಕು. ಅಲ್ಲಿ ಎಣಿಸಿದ್ದು ನೀರನ್ನಲ್ಲ, ನೀರು ಹಾಯಿಸಿದ ಸರತಿಯನ್ನು, ಆದ್ದರಿಂದ ಇಂಗ್ಲಿಷಿನಲ್ಲಿಯೂ ಆ ಸರತಿಗೆ ‘ಮೆನಿ’ಯೇ ಬರುತ್ತದೆ. ಇಲ್ಲಿ ನಮ್ಮ ಮಕ್ಕಳು ನಿಜವಾಗಿ ಎಡವುವುದು ಎರಡು ಕಡೆ. ಕನ್ನಡದಲ್ಲಿ ಎಷ್ಟು ಚೀಲ, ಎಷ್ಟು ಎತ್ತು ಎಂದರೆ ಸಾಕು, ‘ಗಳು’ ಬೇಕಿಲ್ಲ. ಇಂಗ್ಲಿಷಿನಲ್ಲಿ ‘ಮೆನಿ’ ಮುಂದೆ ಬಹುವಚನ ಬರಲೇಬೇಕು. ಎರಡನೆಯದು, ‘ಎಷ್ಟು’ ಎಂದ ಕಡೆಯೆಲ್ಲ ‘ಹೌ ಮಚ್’ ಎನ್ನುವುದು. ಗಂಟೆ ಎಷ್ಟು ಎಂದು ಕೇಳಲು ಇಂಗ್ಲಿಷು ‘ವಾಟ್ ಟೈಮ್’ ಎನ್ನುತ್ತದೆ, ವಯಸ್ಸಿಗೆ ‘ಹೌ ಓಲ್ಡ್’, ದೂರಕ್ಕೆ ‘ಹೌ ಫಾರ್’, ಹೊತ್ತಿಗೆ ‘ಹೌ ಲಾಂಗ್’. ಇವನ್ನು ನಿಯಮದಿಂದ ಸಾಧಿಸಲಾಗದು, ಬಳಸಿ ಬಳಸಿ ರೂಢಿ ಮಾಡಬೇಕು.

ಇಷ್ಟನ್ನೂ ಒಂದೇ ವಾಕ್ಯದ ಮೇಲೆ ಪ್ರಯೋಗ ಮಾಡಿ ನೋಡಬಹುದು. ನವಲಗುಂದದ ಪ್ರತಿ ಮನೆಯೂ ಬಲ್ಲ ವಾಕ್ಯ ಅದು: 1980ರ ಜುಲೈ 21ರಂದು ನವಲಗುಂದದಲ್ಲಿ ಪೊಲೀಸರು ರೈತರ ಮೇಲೆ ಗುಂಡು ಹಾರಿಸಿದರು. ಮಲಪ್ರಭಾ ಅಚ್ಚುಕಟ್ಟಿನ ಜಮೀನುಗಳ ಮೇಲೆ ಹೇರಿದ್ದ ಅಭಿವೃದ್ಧಿ ಕರದ ವಿರುದ್ಧ ರೈತರು ಬೀದಿಗಿಳಿದಿದ್ದರು. ಆ ದಿನ ಬಿದ್ದ ಹೆಣಗಳಿಂದ ರಾಜ್ಯದ ರೈತ ಚಳವಳಿಗೆ ಹೊಸ ತಿರುವು ಬಂತು, ಇವತ್ತಿಗೂ ಜುಲೈ 21 ಹುತಾತ್ಮ ರೈತರ ದಿನ. ಮೊದಲು ಹೇಳಿದ ಆ ವಾಕ್ಯದಲ್ಲಿ ಒಂದೊಂದೇ ಮಾತನ್ನು ತೆಗೆದು ಅದೇ ಜಾಗದಲ್ಲಿ ಪ್ರಶ್ನಾಪದ ಇಟ್ಟರೆ ಕನ್ನಡದಲ್ಲಿ ಪ್ರಶ್ನೆ ಸಿದ್ಧವಾಗುತ್ತದೆ: ಎಂದು ಹಾರಿಸಿದರು, ಎಲ್ಲಿ ಹಾರಿಸಿದರು, ಯಾರು ಹಾರಿಸಿದರು, ಯಾರ ಮೇಲೆ ಹಾರಿಸಿದರು, ಏನು ಹಾರಿಸಿದರು. ಕನ್ನಡದಲ್ಲಿ ಉತ್ತರ ಕೂರುವ ಜಾಗದಲ್ಲೇ ಪ್ರಶ್ನೆಯೂ ಕೂರುತ್ತದೆ. ಪರೀಕ್ಷೆಯ ಅಡಿಗೆರೆ ಪ್ರಶ್ನೆಗೆ ಇದಕ್ಕಿಂತ ನೇರವಾದ ದಾರಿ ಬೇರಿಲ್ಲ. ಅಡಿಗೆರೆಯ ಮಾತಿನ ಜಾಗದಲ್ಲಿ ಮೊದಲು ಕನ್ನಡದ ಪದ ಇಡಬೇಕು, ಪದ ಯಾವುದು ಎಂದು ಗಟ್ಟಿಯಾದ ಮೇಲೆ ಇಂಗ್ಲಿಷಿನ ಪದಕ್ಕೆ ಹೋಗಬೇಕು, ಆಮೇಲೆ ಅದನ್ನು ವಾಕ್ಯದ ತಲೆಗೆ ತರಬೇಕು. ತಲೆಗೆ ತಂದಾಗ ಇಂಗ್ಲಿಷು ‘ಡಿಡ್’ ಎಂಬ ಸಹಾಯ ಬೇಡುತ್ತದೆ. ‘ಯಾರು’ ಎಂಬುದಕ್ಕೆ ಮಾತ್ರ ಆ ಸಹಾಯ ಬೇಡ, ಏಕೆಂದರೆ ಕರ್ತೃ ಮೊದಲೇ ತಲೆಯಲ್ಲಿದ್ದಾನೆ, ಅವನನ್ನು ಎಲ್ಲಿಂದಲೂ ಎಳೆದು ತರಬೇಕಾಗಿಲ್ಲ. ಗುಂಡು ಹಾರಿಸಿದವರು ಯಾರು ಎಂಬುದೂ ಗುಂಡು ತಿಂದವರು ಯಾರು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ‘ಹೂ’ ಮತ್ತು ‘ಹೂಮ್’ ನಡುವಿನ ಅಂತರ ಎಷ್ಟು ತೂಕದ್ದು ಎಂಬುದಕ್ಕೆ ನವಲಗುಂದದ ಮಗುವಿಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಕನ್ನಡ ನಡುವೆ ಬಂದರೆ ಮಗು ಅನುವಾದದ ಊರುಗೋಲು ಹಿಡಿದೇ ನಡೆಯುತ್ತದೆ ಎಂಬುದು ಮೊದಲನೆಯದು. ದಿನವೆಲ್ಲ ಇಂಗ್ಲಿಷು ಕಿವಿಗೆ ಬೀಳುವ ಊರಿನಲ್ಲಿ ಈ ಮಾತಿಗೆ ಬಲವಿದೆ. ನವಲಗುಂದ ಸೀಮೆಯಲ್ಲಿ ಬಹುಪಾಲು ಮಕ್ಕಳಿಗೆ ಇಂಗ್ಲಿಷು ಸಿಗುವುದು ದಿನಕ್ಕೊಂದು ತಾಸು. ಉಳಿದ ತಾಸುಗಳಲ್ಲಿ ಮಗು ಯೋಚಿಸುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ಶಿಕ್ಷಕರು ಹೇಳಲಿ ಬಿಡಲಿ, ಅದು ಮನಸ್ಸಿನೊಳಗೆ ಹೋಲಿಸಿಯೇ ತೀರುತ್ತದೆ. ಗುಟ್ಟಾಗಿ ನಡೆಯುವ ಹೋಲಿಕೆ ತಪ್ಪಿದರೆ ತಿದ್ದುವವರಿಲ್ಲ, ಬಯಲಲ್ಲಿ ನಡೆದರೆ ತಿದ್ದಬಹುದು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಬಹುಭಾಷಿಕತೆಯನ್ನು ಕಲಿಕೆಯ ಸಂಪನ್ಮೂಲವೆಂದು ಕಂಡದ್ದು ಇದೇ ಕಾರಣಕ್ಕೆ. ನಮ್ಮ ನೆಲದಲ್ಲಿಯೇ ಇದರ ಹಿರಿಯ ನಿದರ್ಶನವಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ಕನ್ನಡ ಕಲಿತು, ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದರು. ಎರಡೂ ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಕೆಲಸಗಳು. ವಿದ್ವಾಂಸನಿಗೆ ಉಪಕಾರವಾದ ಹೋಲಿಕೆ ಹಳ್ಳಿಯ ಮಗುವಿಗೆ ಅಪಕಾರವಾಗುತ್ತದೆ ಎನ್ನಲು ಕಾರಣವಿಲ್ಲ.

ಎರಡನೆಯ ಆಕ್ಷೇಪ ಮನೆಮಾತಿನ ಬಗ್ಗೆ. ‘ಹ್ಯಾಂಗ, ಯಾಂವ, ಯಾತಕ್ಕ’ ಎಂಬ ಮಾತುಗಳನ್ನು ತರಗತಿಗೆ ತಂದರೆ ಮಗುವಿನ ಗ್ರಂಥಸ್ಥ ಕನ್ನಡ ಕೆಡುತ್ತದೆ ಎಂದು ಕೆಲವರು ಅಂಜುತ್ತಾರೆ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಕಾವ್ಯ ಕಟ್ಟಿದರು, ಅದರಿಂದ ಕನ್ನಡ ಬೆಳೆಯಿತು. ಮೇಲೆ ನೋಡಿದ ಒಂದೊಂದು ಭೇದವೂ ಈ ಸೀಮೆಯ ಮಾತಿನಲ್ಲಿ ಚೂರೂ ಮಸುಕಾಗಿಲ್ಲ. ಪದದ ಕೊನೆಯ ಸ್ವರ ಬದಲಾದರೆ ಅರ್ಥದ ಗೆರೆ ಅಳಿಸುವುದಿಲ್ಲ. ಮೂರನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಇಂಗ್ಲಿಷರೇ ‘ಹೂಮ್’ ಬಿಡುತ್ತಿದ್ದಾರೆ, ‘ವಾಟ್’ ಮತ್ತು ‘ವಿಚ್’ ಬೆರೆಸುತ್ತಿದ್ದಾರೆ, ನಮ್ಮ ಮಕ್ಕಳಿಗೆ ಯಾಕೆ ಈ ಹೊರೆ? ಸಡಿಲ ಇರುವಲ್ಲಿ ಸಡಿಲ ಬಿಡಬೇಕು ಎಂದು ಮೇಲೆಯೇ ಒಪ್ಪಿದ್ದೇವೆ. ಆದರೆ ತಿಳಿದು ಬಿಡುವುದು ಬೇರೆ, ತಿಳಿಯದೆ ತಪ್ಪುವುದು ಬೇರೆ. ಮನೆಮಾತಿನವರು ಬಿಟ್ಟರೆ ಅದನ್ನು ರೂಢಿ ಎನ್ನುತ್ತಾರೆ, ಕನ್ನಡದ ಹುಡುಗ ಸಂದರ್ಶನದಲ್ಲಿ ಬಿಟ್ಟರೆ ತಪ್ಪು ಎನ್ನುತ್ತಾರೆ. ಈ ಅನ್ಯಾಯ ಹೋಗುವ ತನಕ ನಮ್ಮ ಮಕ್ಕಳ ಕೈಯಲ್ಲಿ ಪೂರ್ತಿ ಹತ್ಯಾರ ಇರಲೇಬೇಕು. ಅದನ್ನು ಕೊಡುವುದು ಹೊರೆಯೂ ಅಲ್ಲ, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಅವರ ಬಾಯಲ್ಲೇ ಇದೆ.

ಆದ್ದರಿಂದ ಈ ಸೀಮೆಯ ಇಂಗ್ಲಿಷ್ ಶಿಕ್ಷಕರಲ್ಲಿ ಒಂದು ವಿನಂತಿ. ಪ್ರಶ್ನಾಪದಗಳ ಪಾಠಕ್ಕೆ ಹಲಗೆಯ ಮೇಲೆ ಪಟ್ಟಿ ಬರೆಯುವ ಮುನ್ನ ಮಕ್ಕಳಿಂದಲೇ ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕೇಳುವ ಹತ್ತು ಪ್ರಶ್ನೆ ಹೇಳಿಸಿ, ಅವರ ಮಾತಿನಲ್ಲೇ ಬರೆಯಿರಿ. ಎದುರಿಗೆ ಇಂಗ್ಲಿಷಿನ ಪ್ರಶ್ನೆ ಬರೆದು, ಬದು ಕೂಡಿದ ಕಡೆ ಒಂದು ಬಣ್ಣದಿಂದ, ಸರಿದ ಕಡೆ ಇನ್ನೊಂದು ಬಣ್ಣದಿಂದ ಗೆರೆ ಎಳೆಯಿರಿ. ನಾಮಪದದ ಮುಂದಿನ ‘ಯಾವ’, ಅನುಭವದ ‘ಯಾರಿಗೆ’, ಎಲ್ಲ ಕಡೆ ಬರುವ ‘ಎಷ್ಟು’: ಎರಡನೆಯ ಬಣ್ಣ ಹೆಚ್ಚಾಗಿ ಬೀಳುವುದು ಈ ಮೂರು ಕಡೆ, ತಾಲೀಮು ಬೇಕಾದದ್ದೂ ಅಲ್ಲಿಯೇ. ಇಂಗ್ಲಿಷು ಬಾರದ ಅಪ್ಪ ಅಮ್ಮಂದಿರಿಗೂ ಇಲ್ಲಿ ಕೆಲಸವಿದೆ. ಮಗು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸಬೇಡಿ. ಏನು, ಯಾವುದು, ಯಾಕೆ ಎಂದು ಮನೆಯಲ್ಲಿ ಅಂಜದೆ ಕೇಳಿದ ಮಗುವೇ ನಾಳೆ ಇನ್ನೊಂದು ಭಾಷೆಯಲ್ಲಿಯೂ ಕೇಳುತ್ತದೆ.